ನೀವು ಆ ಪುಸ್ತಕ ಓದೀರೇನ್ರಿ?

ಇವತ್ತು ರಾಜಕೀಯ ಇಲ್ಲ. ಬಣ ಇಲ್ಲ, ರೆಸಾರ್ಟ್ ಇಲ್ಲ, ದೆಹಲಿ ಯಾತ್ರೆ ಇಲ್ಲ. ಇವತ್ತು ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಮಾತಾಡಬೇಕು. ದಿನಾ ಬೆಳಗಾದರೆ ಇನ್ನೊಬ್ಬರ ತಪ್ಪನ್ನ ಇದೇ ಕುರ್ಚಿಯಲ್ಲಿ ಕೂತು ಎತ್ತಿ ಆಡ್ತೀನಿ. ನನ್ನದೂ ಒಂದು ದಿನ ಬರಬೇಕಲ್ವಾ?

ಕಳೆದ ಡಿಸೆಂಬರ್‌ನಲ್ಲಿ, ವರ್ಷದ ಕೊನೆಯ ಕಾರ್ಯಕ್ರಮದಲ್ಲಿ, ರಜೆಯಲ್ಲಿ ಓದೋಕೆ ಅಂತ ಮೂರು ಪುಸ್ತಕ ಹೇಳಿದ್ದೆ. ನಿಮಗೆ ನೆನಪಿರಬಹುದು. ಅದರಲ್ಲಿ ಎರಡನ್ನು ನಾನು ಓದಿದ್ದೆ. ಮೂರನೆಯದನ್ನು ಓದಿರಲಿಲ್ಲ. ಅದೊಂದು ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ. ಮುಖಪುಟದ ಮೇಲೆ ಡ್ರ್ಯಾಗನ್. ಆ ಎರಡು ವಾರದಲ್ಲಿ ನನ್ನ ಫೋನಿನಲ್ಲಿ ಅದೇ ಪುಸ್ತಕದ ರೀಲ್ಸ್ ಆರೇಳು ಸಲ ಬಂದಿತ್ತು. ಒಬ್ಬ ಹುಡುಗಿ ಪುಸ್ತಕ ಎದೆಗವಚಿಕೊಂಡು ಅಳ್ತಾಳೆ, ಇನ್ನೊಬ್ಬಳು ಓದಿ ಮುಗಿಸಿ ಗೋಡೆಗೆ ಒರಗಿ ಕೂತಿದ್ದಾಳೆ. ಇಷ್ಟು ಜನ ಹೇಳ್ತಿದ್ದಾರೆ ಅಂದ್ರೆ ಚೆನ್ನಾಗೇ ಇರಬೇಕು ಅಂದುಕೊಂಡೆ. "ಮನೇಲಿ ಓದೋ ಮಕ್ಕಳಿದ್ರೆ ಇದನ್ನು ಕೊಡಿಸಿ, ಮೊಬೈಲ್ ಕೆಳಗಿಡ್ತಾರೆ" ಅಂತ ಬಾಯ್ತುಂಬ ಹೇಳಿಬಿಟ್ಟೆ.

ಜನವರಿಯಲ್ಲಿ ಆಫೀಸಿಗೆ ಒಂದು ಫೋನ್ ಬಂತು. ಹಾವೇರಿ ಜಿಲ್ಲೆಯ ಒಂದು ಊರಿನಿಂದ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದ ಮಾಸ್ತರು. ನನ್ನ ಮಾತು ಕೇಳಿ ಹುಬ್ಬಳ್ಳಿಯಿಂದ ಆ ಪುಸ್ತಕ ತರಿಸಿದ್ದರು, ಹನ್ನೆರಡು ವರ್ಷದ ಮೊಮ್ಮಗಳಿಗೆ. ಬೈತಾರೆ ಅಂದುಕೊಂಡೆ. ಬೈಲಿಲ್ಲ. ಒಂದೇ ಪ್ರಶ್ನೆ ಕೇಳಿದರು:

"ಅಲ್ರೀ, ನೀವು ಆ ಪುಸ್ತಕ ಓದೀರೇನ್ರಿ?"

ನಾನು ಸುಮ್ಮನಾದೆ. ಅವರಿಗೆ ಅರ್ಥವಾಯಿತು.

"ನಾ ಓದೀನ್ರಿ. ಮೊಮ್ಮಗಳ ಕೈಗೆ ಕೊಡೂ ಮೊದಲು ಯಾವ ಪುಸ್ತಕ ಆದ್ರೂ ನಾ ಓದಾವ. ಅರ್ಧದ ತನಕ ಭಾಳ ಚಲೋ ಐತ್ರಿ. ಯುದ್ಧ, ಸಾಲಿ, ಡ್ರ್ಯಾಗನ್ ಎಲ್ಲಾ. ಆಮ್ಯಾಲ ಬರೂದು ಲಗ್ನ ಆದವರು ಓದೂವಂಥಾದ್ದು. ಪುಸ್ತಕ ಕೆಟ್ಟದಲ್ಲ, ಆಕಿ ವಯಸ್ಸಿಗಲ್ಲ. ಅಷ್ಟ ಹೇಳಾಕ ಫೋನ್ ಮಾಡಿದೆ."

ಪುಸ್ತಕದ ಹೆಸರು ನಾನು ಮತ್ತೆ ಹೇಳಲ್ಲ. ತಪ್ಪು ಪುಸ್ತಕದ್ದಲ್ಲ. ರೀಲ್ಸ್ ಮಾಡಿದ ಆ ಹುಡುಗಿಯರದ್ದೂ ಅಲ್ಲ. ಅವರು ಓದಿದ್ದರು, ಓದಿ ಅತ್ತಿದ್ದರು. ಓದದೇ ಹೇಳಿದವನು ನಾನು.

ಈಗ ನೋಡಿ, "ಈ ಸೋಶಿಯಲ್ ಮೀಡಿಯಾನೇ ಹಾಳು" ಅಂತ ಕೂಗಿ ಎದ್ದು ಹೋಗೋದು ಸುಲಭ. ಟಿವಿಯವರು ಹಾಗೆ ಕೂಗಿದರೆ ಕೇಳೋಕೂ ಚೆನ್ನಾಗಿರುತ್ತೆ. ಆದರೆ ಅದು ನಿಜ ಅಲ್ಲ. ಪುಸ್ತಕಗಳ ವಿಷಯದಲ್ಲಿ ಅದು ಮಾಡಿರೋ ಒಳ್ಳೇದನ್ನೂ ಹೇಳಬೇಕು.

ಮ್ಯಾಡೆಲಿನ್ ಮಿಲ್ಲರ್ ಅನ್ನೋ ಲೇಖಕಿ 2011ರಲ್ಲಿ 'ದಿ ಸಾಂಗ್ ಆಫ್ ಅಕಿಲೀಸ್' ಬರೆದರು. ಗ್ರೀಕ್ ಪುರಾಣದ ಕಥೆ. ಮರುವರ್ಷ ಬ್ರಿಟನ್ನಿನ ಆರೆಂಜ್ ಪ್ರಶಸ್ತಿ ಬಂತು. ಆದರೆ ಮಾರಾಟದ ದೊಡ್ಡ ಅಲೆ ಎದ್ದಿದ್ದು ಪ್ರಶಸ್ತಿ ಬಂದಾಗಲ್ಲ. ಸುಮಾರು ಹತ್ತು ವರ್ಷದ ಮೇಲೆ, ಟಿಕ್‌ಟಾಕ್‌ನಲ್ಲಿ ಹುಡುಗ ಹುಡುಗಿಯರು ಓದಿ ಅತ್ತಾಗ. ಒಲಿವಿ ಬ್ಲೇಕ್ ಎಂಬವರು 'ದಿ ಅಟ್ಲಾಸ್ ಸಿಕ್ಸ್' ಅನ್ನೋ ಫ್ಯಾಂಟಸಿಯನ್ನು 2020ರಲ್ಲಿ ತಾವೇ ಪ್ರಕಟಿಸಿಕೊಂಡಿದ್ದರು. ಓದುಗರು ವಿಡಿಯೋ ಮೇಲೆ ವಿಡಿಯೋ ಮಾಡಿದರು. 2022ರಲ್ಲಿ ಟಾರ್‌ನಂಥ ದೊಡ್ಡ ಪ್ರಕಾಶನವೇ ಅದನ್ನು ಹೊಸದಾಗಿ ತಂದಿತು.

ಇನ್ನೂ ಒಂದು ಮಜಾ ಇದೆ. ಅಮಲ್ ಎಲ್-ಮೊಹ್ತಾರ್ ಮತ್ತು ಮ್ಯಾಕ್ಸ್ ಗ್ಲ್ಯಾಡ್‌ಸ್ಟೋನ್ ಸೇರಿ ಬರೆದ 'ದಿಸ್ ಈಸ್ ಹೌ ಯೂ ಲೂಸ್ ದಿ ಟೈಮ್ ವಾರ್', 2019ರ ಪುಟ್ಟ ಪುಸ್ತಕ. ಕಾಲದಲ್ಲಿ ಹಿಂದೆ ಮುಂದೆ ಓಡಾಡೋ ಇಬ್ಬರು ವೈರಿ ಗೂಢಚಾರಿಣಿಯರು ಒಬ್ಬರಿಗೊಬ್ಬರು ಪತ್ರ ಬರೆಯುವ ಕಥೆ. 2023ರ ಮೇ ತಿಂಗಳಲ್ಲಿ ಜಪಾನಿ ಅನಿಮೆಯೊಂದರ ಅಭಿಮಾನಿಯೊಬ್ಬರು, ಅದೂ ತಮಾಷೆಯ ಹೆಸರಿನ ಖಾತೆಯಿಂದ, ಒಂದು ಟ್ವೀಟ್ ಹಾಕಿದರು. ಈ ಪುಸ್ತಕದ ಬಗ್ಗೆ ಏನೂ ಹುಡುಕಬೇಡಿ, ಸುಮ್ಮನೆ ಓದಿ ಅನ್ನೋದು ಅದರ ಸಾರಾಂಶ. ಕೆಲವೇ ದಿನಗಳಲ್ಲಿ ಪುಸ್ತಕ ಅಮೆಜಾನ್‌ನ ಟಾಪ್ ಟೆನ್ ಒಳಗೆ! ನಾಲ್ಕು ವರ್ಷ ಹಳೇ ಪುಸ್ತಕ, ಜಾಹೀರಾತಿಲ್ಲ, ಒಬ್ಬ ಓದುಗರ ಒಂದು ಮಾತು.

ನಮ್ಮಲ್ಲಿ ಟಿಕ್‌ಟಾಕ್ 2020ರ ಜೂನ್ 29ಕ್ಕೆ ನಿಷೇಧವಾಯಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಪುಸ್ತಕದ ಹುಚ್ಚೂ ಅಲ್ಲಿಗೆ ಬಂತು. ನನಗೂ ಅಲ್ಲಿ ಒಳ್ಳೇದು ಸಿಕ್ಕಿದೆ, ಸುಳ್ಳು ಹೇಳಬಾರದು. ತಾಶಾ ಸೂರಿಯವರ 'ದಿ ಜ್ಯಾಸ್ಮಿನ್ ಥ್ರೋನ್' ನನಗೆ ಗೊತ್ತಾಗಿದ್ದು ಹಾಗೇ. 2021ರ ಪುಸ್ತಕ, ಮರುವರ್ಷ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಪಡೆಯಿತು. ಪಾರಿಜಾತದ್ವೀಪ ಅನ್ನೋ ಸಾಮ್ರಾಜ್ಯ, ಚಿತೆ ಏರಲು ಒಪ್ಪದ ಮಾಲಿನಿ ಎಂಬ ರಾಜಕುಮಾರಿ, ಅವಳನ್ನು ಕೂಡಿಹಾಕಿದ ಪಾಳುಗುಡಿ, ಅಲ್ಲಿ ಕೆಲಸಕ್ಕೆ ಬರೋ ಪ್ರಿಯಾ. ಎಡಿನ್‌ಬರೋ ಹೆಸರಿಲ್ಲ, ಎಲಿಜಬೆತ್ ಹೆಸರಿಲ್ಲ. ಮಾಲಿನಿ, ಪ್ರಿಯಾ! ನನ್ನ ಕ್ಲಾಸಿನಲ್ಲೇ ಇದ್ದ ಹೆಸರುಗಳು. ಇದೂ ದೊಡ್ಡವರ ಪುಸ್ತಕವೇ. ಓದಿದ್ದೀನಿ, ಅದಕ್ಕೇ ಹೇಳ್ತಿದ್ದೀನಿ.

ಹಾಗಾದರೆ ಎಡವಟ್ಟು ಆಗೋದು ಎಲ್ಲಿ? ನಾನು ಎಂಜಿನಿಯರಿಂಗ್ ಓದಿದವನು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ನಿಮ್ಮ ಫೋನಿಗೆ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ನೀವು ಆ ವಿಡಿಯೋದ ಮೇಲೆ ಎಷ್ಟು ಸೆಕೆಂಡು ನಿಂತಿರಿ, ಲೈಕ್ ಒತ್ತಿದಿರಾ, ಇನ್ನೊಬ್ಬರಿಗೆ ಕಳಿಸಿದಿರಾ ಅನ್ನೋದು. ನಿಮ್ಮ ಹಾಗೇ ನಿಂತವರು ಇನ್ಯಾವುದರ ಮೇಲೆ ನಿಂತರು ಅಂತ ನೋಡಿ ಅದನ್ನೂ ನಿಮಗೆ ತೋರಿಸುತ್ತೆ. ಅಷ್ಟೇ ಲೆಕ್ಕ. ನಾನು ಮೊದಲ ರೀಲ್ ಮೇಲೆ ನಿಂತೆ, ಅದಕ್ಕೇ ಎರಡನೇದು ಬಂತು. ಎರಡನೇದನ್ನೂ ನೋಡಿದೆ, ಮೂರನೇದು ಬಂತು. ನಾನೇನಂದುಕೊಂಡೆ? ಜಗತ್ತೆಲ್ಲ ಇದೇ ಪುಸ್ತಕ ಓದ್ತಿದೆ ಅಂತ. ಜಗತ್ತಲ್ಲ ಕಣ್ರೀ, ನನ್ನ ಹೆಬ್ಬೆರಳು. ನನ್ನದೇ ಕೂಗು ಗುಮ್ಮಟದಲ್ಲಿ ಏಳು ಸಲ ಕೇಳಿಸಿದ ಹಾಗೆ.

ಇನ್ನೊಂದು. ಆ ಲೆಕ್ಕಕ್ಕೆ ಗೊತ್ತಿರೋದು ನಾನು. ಮೂವತ್ತು ದಾಟಿದ, ರಾತ್ರಿ ಹನ್ನೊಂದಕ್ಕೆ ಶೋ ಮುಗಿಸಿ ಮಲಗುವ ಗಂಡಸು. ಹಾವೇರಿಯ ಹನ್ನೆರಡರ ಹುಡುಗಿ ಅದಕ್ಕೆ ಗೊತ್ತಿಲ್ಲ. ನನಗೆ ತೋರಿಸಿದ್ದನ್ನು ನಾನು ಅವಳ ಕೈಗೆ ದಾಟಿಸಿದೆ.

ಜೊತೆಗೆ ಫ್ಯಾಂಟಸಿ ಅಂದ ತಕ್ಷಣ ಮಕ್ಕಳದ್ದು ಅನ್ನೋ ನಮ್ಮ ಭ್ರಮೆ ಬೇರೆ. ಈಗ ರೀಲ್ಸ್‌ನಲ್ಲಿ ಓಡ್ತಿರೋ ಬಹುಪಾಲು 'ರೊಮ್ಯಾಂಟಸಿ', ಅಂದ್ರೆ ಪ್ರೇಮವೂ, ಎಷ್ಟೋ ಸಲ ಕಾಮವೂ ಇರೋ ಫ್ಯಾಂಟಸಿ. ಪ್ರಕಾಶಕರೇ ಗೊಂದಲಕ್ಕೆ ಬಿದ್ದಿದ್ದಾರೆ. ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್' 2015ರಲ್ಲಿ ಬಂದಾಗ ಹದಿಹರೆಯದವರ ಕಪಾಟಿನಲ್ಲಿತ್ತು. 2020ರಲ್ಲಿ ಹೊಸ ಮುಖಪುಟ ಹಾಕಿ ದೊಡ್ಡವರ ಕಪಾಟಿಗೆ ಸಾಗಿಸಿದರು. ಹೊದಿಕೆ ನೋಡಿ ಒಳಗೇನಿದೆ ಅಂತ ಹೇಳೋಕಾಗಲ್ಲ. ನಮ್ಮದೇ ನೋಡಿ, ಹಾವಿನ ಕಥೆ ಅಂತ ಕಾರ್ನಾಡರ 'ನಾಗಮಂಡಲ'ವನ್ನ ಮೂರನೇ ಕ್ಲಾಸಿನ ಮಗುವಿಗೆ ಕೊಡ್ತೀವಾ?

ದುಡ್ಡಿನ ಮಾತೂ ಇದೆ. ಪುಸ್ತಕ ತೋರಿಸೋರಲ್ಲಿ ಕೆಲವರಿಗೆ ಪುಸ್ತಕ ಪುಕ್ಕಟೆ ಬರುತ್ತೆ, ಕೆಲವರಿಗೆ ಹಣವೂ ಬರುತ್ತೆ. ಅದು ಅಪರಾಧವಲ್ಲ, ಮುಚ್ಚಿಡೋದು ತಪ್ಪು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿವೆ: ಹಣ ಇರಲಿ, ಉಚಿತ ವಸ್ತು ಇರಲಿ, ಪಡೆದಿದ್ದರೆ ನೋಡುಗರಿಗೆ ತಿಳಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೂ ದಂಡ ಇದೆ. ಮುಂದಿನ ಸಲ ರೀಲ್ ನೋಡುವಾಗ ಮೂಲೆಯಲ್ಲಿರೋ ಆ ಸಣ್ಣ ಅಕ್ಷರ ಓದಿ.

ಶಿಫಾರಸು ಅನ್ನೋದು ಹೊಸದೇನಲ್ಲ. ಎ.ಕೆ. ರಾಮಾನುಜನ್ ನಮ್ಮ ಊರೂರು ತಿರುಗಿ ಅಜ್ಜಿಯರ ಬಾಯಿಂದ ಕಥೆ ಸಂಗ್ರಹಿಸಿದರು. ಹೂ ಬಿಡುವ ಮರವಾಗಿ ಬದಲಾಗೋ ಹುಡುಗಿಯ ಕಥೆ ಅದರಲ್ಲೊಂದು. ಅದೇ ಹೆಸರಿನ ಅವರ ಇಂಗ್ಲಿಷ್ ಸಂಗ್ರಹ 1997ರಲ್ಲಿ, ಅವರು ತೀರಿಕೊಂಡ ಮೇಲೆ ಬಂತು. ಅಮೆರಿಕದ ಸಂಗೀತಗಾರ ಜಾನ್ ಆ್ಯಡಮ್ಸ್ ಆ ಕಥೆಯನ್ನ ಆಪೆರಾ ಮಾಡಿ 2006ರಲ್ಲಿ ವಿಯೆನ್ನಾದಲ್ಲಿ ಆಡಿಸಿದರು. 'ನಾಗಮಂಡಲ'ದ ಕಥೆಯನ್ನು ಕಾರ್ನಾಡರಿಗೆ ಹೇಳಿದವರೂ ರಾಮಾನುಜನ್ನರೇ. ಕನ್ನಡದ ಅಡುಗೆಮನೆಯ ಕಥೆ ಅಲ್ಲೀತನಕ ಹೋಗಿದ್ದು ಹೇಗೆ? ಕಥೆ ಪೂರ್ತಿ ಗೊತ್ತಿದ್ದ ಒಬ್ಬರು, ಕೇಳುವವರು ಯಾರು ಅಂತ ತಿಳಿದು ಹೇಳಿದ್ದಕ್ಕೆ. ಎರಡೇ ಅರ್ಹತೆ. ಡಿಸೆಂಬರ್‌ನಲ್ಲಿ ನನ್ನ ಹತ್ತಿರ ಎರಡೂ ಇರಲಿಲ್ಲ.

ಅಂದಹಾಗೆ, ಆ ಹೂವಿನ ಮರದ ಬಗ್ಗೆ ನನ್ನ ಫೋನಿನಲ್ಲಿ ಇವತ್ತಿನವರೆಗೂ ಒಂದೂ ರೀಲ್ ಬಂದಿಲ್ಲ. ಕಥೆ ಇಲ್ಲ ಅಂತಲ್ಲ. ನಾವು ಹೇಳ್ತಿಲ್ಲ. ಓದಿದವರು ಒಂದು ನಿಮಿಷದ ವಿಡಿಯೋ ಮಾಡಿ ಹಾಕಿ, ಕನ್ನಡದಲ್ಲೇ ಹಾಕಿ. ಅಳು ಬಂದರೆ ಅಳಿ, ತಪ್ಪೇನಿಲ್ಲ.

ಪೋಷಕರಿಗೆ ಒಂದು ಮಾತು. ಮಗಳು ರೀಲ್ ತೋರಿಸಿ "ಅಪ್ಪಾ, ಈ ಪುಸ್ತಕ ಬೇಕು" ಅಂದ್ರೆ ಫೋನ್ ಕಿತ್ಕೋಬೇಡಿ. ಪುಸ್ತಕ ಕೇಳ್ತಿದ್ದಾಳಲ್ಲ, ಮೊದಲು ಖುಷಿಪಡಿ. ಅನೇಕ ಪುಸ್ತಕಗಳ ಮೊದಲ ಅಧ್ಯಾಯ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತೆ, ಇಬ್ಬರೂ ಕೂತು ಓದಿ. ಯಾವ ವಯಸ್ಸಿನವರಿಗೆ ಅಂತ ಪ್ರಕಾಶಕರ ಪುಟದಲ್ಲಿ ನೋಡಿ. ಅಂಗಡಿಯವರನ್ನ, ಲೈಬ್ರರಿಯವರನ್ನ ಕೇಳಿ. ಆಮೇಲೆ ಬೇಡ ಅನ್ನಬೇಕಾದರೆ ಯಾಕೆ ಅಂತ ಹೇಳಿ, ಬದಲಿಗೆ ಇನ್ನೊಂದು ಕೊಡಿ. ಬರೀ ಬೇಡ ಅಂದ್ರೆ ಅವಳು ಕದ್ದು ಓದ್ತಾಳೆ, ನಾವೂ ಹಾಗೇ ಓದಿದವರಲ್ವಾ?

ಮಾಸ್ತರ ಫೋನ್ ಬಂದ ಮೇಲೆ ನಾನು ಆ ಪುಸ್ತಕ ಕೊಂಡು ಪೂರ್ತಿ ಓದಿದೆ. ಹತ್ತು ರಾತ್ರಿ ಹಿಡಿಯಿತು. ಮುಗಿಸಿ ನಾನೇ ಫೋನ್ ಮಾಡಿದೆ. "ಈಗ ಓದಿದೆ ಸರ್, ನೀವು ಹೇಳಿದ್ದು ಸರಿ" ಅಂದೆ. ನಕ್ಕರು. ಮೊಮ್ಮಗಳಿಗೆ ಏನು ಹೇಳಿದಿರಿ ಅಂತ ಕೇಳಿದೆ.

"ಸಿಟ್ಟಾಗಿದ್ಲು. ಟೀವಿಯವ್ರ ಹೇಳ್ಯಾರ, ನೀವ್ಯಾಕ ಬ್ಯಾಡ ಅಂತೀರಿ ಅಂದ್ಲು. ನನ್ನ ಹಳೇ 'ಹಾಬಿಟ್' ತೆಗದು ಕೊಟ್ಟೆ. ಇದರಾಗ ಡ್ರ್ಯಾಗನ್ ಐತೇನು ಅಂದ್ಲು. ಐತಿ ಅಂದೆ. ಈಗ ಎರಡನೇ ಸಲ ಓದಾಕತ್ಯಾಳ. ಆ ಪುಸ್ತಕದ ಮೊದಲ ಪುಟದಾಗ ಆಕಿ ಹೆಸರು ಬರದು ಮ್ಯಾಲಿನ ಹಲಗಿ ಮ್ಯಾಲ ಇಟ್ಟೀನಿ. ಹದಿನೆಂಟಾದ ಮ್ಯಾಲ ಕೊಡ್ತೀನಿ. ರೊಕ್ಕ ಕೊಟ್ಟು ತಂದದ್ದು, ಒಗೀಲಿಕ್ಕೆ ಆಗತೈತೇನ್ರಿ?"

ಆ ಹುಡುಗಿ ಇದನ್ನು ನೋಡ್ತಿದ್ದರೆ, ಪುಟ್ಟಿ, ನಿಮ್ಮಜ್ಜ ಹೇಳಿದ್ದೇ ಸರಿ. ಟೀವಿಯವರು ಓದಿರಲಿಲ್ಲ.

ನಿಮಗೆಲ್ಲ ಒಂದು ಮಾತು ಕೊಡ್ತೀನಿ. ಈ ಕುರ್ಚಿಯಿಂದ ಇನ್ಮೇಲೆ ನಾನು ಯಾವುದೇ ಪುಸ್ತಕದ ಹೆಸರು ಹೇಳಿದರೂ ಕೊನೇ ಪುಟದವರೆಗೆ ಓದಿಯೇ ಹೇಳ್ತೀನಿ. ತಪ್ಪಿದರೆ ಫೋನ್ ಮಾಡಿ, ಮಾಸ್ತರು ಕೇಳಿದ್ದನ್ನೇ ಕೇಳಿ.