ಪಟ್ಟಣದ ಬಡಮಕ್ಕಳೂ ನಮ್ಮ ಕರ್ತವ್ಯವೂ

(ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ಲ ಊರುಗಳ ಹಿರಿಯರೂ ಶಿಕ್ಷಕರೂ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ದಾನದ ಮಹಿಮೆಯನ್ನು ತಮಗೆ ಬೋಧಿಸಲಿಕ್ಕೆ ನಾವು ಇಲ್ಲಿ ನಿಂತಿಲ್ಲ. ಕೂಡಲಸಂಗಮವು ಯಾವ ಸೀಮೆಯಲ್ಲಿರುವದೋ, ಕಾಯಕ-ದಾಸೋಹಗಳೆಂಬ ಎರಡು ಮಾತುಗಳು ಯಾವ ನೆಲದಲ್ಲಿ ಮನೆಮಾತಾಗಿರುವವೋ, ಆ ಸೀಮೆಯವರಿಗೆ ದಾನವನ್ನು ಕಲಿಸಹೋಗುವದು ಮೀನಿಗೆ ಈಜು ಕಲಿಸಿದಂತಾದೀತು. ಆದರೆ ನಾವು ಕೊಡುವ ದಾನವು ಯಾರನ್ನು ಮುಟ್ಟುತ್ತಿದೆ, ಯಾರ ಬಾಗಿಲನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತಿದೆ ಎಂಬ ವಿಚಾರವನ್ನು ಕಾಲಕಾಲಕ್ಕೆ ಮಾಡಲೇಬೇಕಾಗುವದು. ಆ ವಿಚಾರವನ್ನಷ್ಟೇ ಇಂದು ತಮ್ಮ ಮುಂದಿಡುತ್ತೇವೆ.

ನಮ್ಮ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲವನ್ನು ನೆನೆಯೋಣ. ಹಳ್ಳಿಯ ಹುಡುಗನು ಮುಲ್ಕಿ ಪರೀಕ್ಷೆಯನ್ನು ದಾಟಿ ಮುಂದೆ ಓದಬೇಕಾದರೆ ಪಟ್ಟಣಕ್ಕೆ ಬರಬೇಕಾಗಿದ್ದಿತು. ಬಂದವನಿಗೆ ವಾರಾನ್ನವೇ ಆಧಾರ: ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಅವನು ಓದುತ್ತಿದ್ದನು. ಕೆಲಕಾಲದ ಮೇಲೆ ಮಠಗಳೂ ಸಂಘಗಳೂ ಈ ಭಾರವನ್ನು ಹೊತ್ತವು. 1906ರಲ್ಲಿ ಬೀಳೂರು ಗುರುಬಸವ ಸ್ವಾಮಿಗಳಿಂದ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿತು. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಊರೂರಿಗೆ ಪ್ರಸಾದನಿಲಯಗಳಾದವು. ಇವುಗಳ ಅನ್ನವನ್ನುಂಡು ಅಕ್ಷರವಂತರಾದವರ ಮಕ್ಕಳು-ಮೊಮ್ಮಕ್ಕಳು ಈ ಸಭೆಯಲ್ಲಿಯೂ ಅನೇಕರಿದ್ದಾರೆ. ಆ ಋಣವು ಸಣ್ಣದಲ್ಲ.

ಆದರೆ ಒಂದು ಮಾತನ್ನು ಗಮನಿಸಬೇಕು. ಈ ವ್ಯವಸ್ಥೆಯೆಲ್ಲ ಮುಖ್ಯವಾಗಿ ಪರಸ್ಥಳದಿಂದ ಬಂದ ವಿದ್ಯಾರ್ಥಿಗಾಗಿ ಕಟ್ಟಿದ್ದು. ಅವನಿಗೆ ಪಟ್ಟಣದಲ್ಲಿ ಮನೆಯಿರಲಿಲ್ಲ. ಆದದರಿಂದ ಮನೆಯನ್ನು ಕೊಟ್ಟೆವು. ಪಟ್ಟಣದಲ್ಲಿಯೇ ಹುಟ್ಟಿದ ಬಡವನ ಮಗನಿಗೆ ಮನೆಯಿರುವದು. ಆ ಮನೆಯಲ್ಲಿ ಓದಲಿಕ್ಕೆ ಸ್ಥಳವಿಲ್ಲ. ಮನೆಯುಳ್ಳವನೆಂಬ ಕಾರಣಕ್ಕೆ ನಮ್ಮ ದಾನವು ಅವನನ್ನು ಕಾಣದೆ ಹೋಗುತ್ತದೆ.

ಇಲಕಲ್ಲದ ನೇಕಾರರ ಓಣಿಯನ್ನು ಹೊಕ್ಕು ನೋಡಿರಿ. ಸಣ್ಣ ಮನೆ, ಅದರ ಅರ್ಧವನ್ನು ಕುಣಿಮಗ್ಗವೇ ಹಿಡಿದಿರುವದು. ಹಗಲೆಲ್ಲ ಲಾಳಿಯ ಸಪ್ಪಳ, ರಾತ್ರಿ ಉಳಿದ ನೆಲದ ಮೇಲೆ ಎಲ್ಲರ ಹಾಸಿಗೆ. ತಂದೆ ನೇಯುವನು, ತಾಯಿಯೂ ಮಗಳೂ ಕಂಡಿಕೆ ಸುತ್ತುವರು. ಹತ್ತನೆಯ ತರಗತಿಯ ಆ ಹುಡುಗಿ ಪುಸ್ತಕವನ್ನು ಬಿಚ್ಚುವದೆಲ್ಲಿ? ಬಾಗಲಕೋಟೆಯಲ್ಲಿ ಆಲಮಟ್ಟಿಯ ಹಿನ್ನೀರು ಹಳೆಯ ಓಣಿಗಳನ್ನು ನುಂಗಿತು. ಮನೆಗಳು ನವನಗರಕ್ಕೆ ಹೋದವು. ಮನೆಗೆ ಪರಿಹಾರ ಬಂದಿತು. ನೆರೆಹೊರೆಯ ಆಸರಕ್ಕೆ, ಹಳೆಯ ಪೇಟೆಯನ್ನು ನಂಬಿದ ಚಿಲ್ಲರೆ ಕಸುಬಿಗೆ ಬೆಲೆ ಕಟ್ಟುವವರಾರು? ಬಾದಾಮಿಯ ಮೇಣಬಸದಿಯ ಮೆಟ್ಟಿಲುಗಳ ಬಳಿ, ಹುನಗುಂದದ ಬಸ್ ನಿಲ್ದಾಣದ ಸುತ್ತಲಿನ ಚಹದ ಅಂಗಡಿಗಳಲ್ಲಿ ಶಾಲೆಯ ಹೊತ್ತಿನಲ್ಲಿ ಒಬ್ಬ ಹುಡುಗನನ್ನು ಕಂಡರೆ, ಅವನು ಯಾರ ಮಗನೆಂದು ಕೇಳುವ ವಾಡಿಕೆಯನ್ನೇ ನಾವು ಬಿಟ್ಟಿದ್ದೇವೆ.

ಕಾಯಿದೆಗಳಿಲ್ಲವೆಂದಲ್ಲ. ಕಡ್ಡಾಯ ಹಾಗೂ ಉಚಿತ ಶಿಕ್ಷಣದ ಕಾಯಿದೆಯು 2010ರ ಏಪ್ರಿಲ 1ರಿಂದ ಜಾರಿಯಲ್ಲಿದೆ. ಅದು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. 2016ರ ತಿದ್ದುಪಡಿಯಂತೆ 14 ವರ್ಷದೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳುವದು ಅಪರಾಧ. 18 ವರ್ಷದವರೆಗೆ ಅಪಾಯದ ಕೆಲಸ ಕೂಡದು. ಶಾಲೆಯ ಹೊತ್ತು ಮುಗಿದ ಮೇಲೆ ಮನೆಯ ಕಸುಬಿಗೆ ಕೈಗೂಡಿಸಲು ಆಸ್ಪದವುಂಟು. ಹೀಗಿರಲು 14ಕ್ಕೆ ಶಿಕ್ಷಣದ ಕಾಯಿದೆಯು ಕೈಬಿಡುವದು; ಕಸುಬು ಕೈಹಿಡಿಯುವದಕ್ಕೆ ಇನ್ನೂ ನಾಲ್ಕೈದು ವರ್ಷ. ಈ ನಡುವಿನ ಕಾಲದಲ್ಲಿಯೇ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಬರುವದು. ಒಂದೆರಡು ವಿಷಯಗಳಲ್ಲಿ ನಪಾಸಾದ ಹುಡುಗನು ನಾಚಿಕೆಯಿಂದ ಶಾಲೆಯ ಕಡೆಗೆ ಮೋರೆಯಿಡುವದಿಲ್ಲ. ಅದೇ ವರ್ಷ ಮರಳಿ ಪರೀಕ್ಷೆಗೆ ಕೂಡಬಹುದೆಂದು ಅವನ ಮನೆಯಲ್ಲಿ ಹೇಳುವವರಿಲ್ಲ. ಅವನು ಗುಟ್ಕಾ, ಇಸ್ಪೀಟು, ಸೆರೆಗಳ ಸಂಗಡಿಗರಿಗೆ ಸುಲಭವಾಗಿ ಸಿಗುವನು; ಇಲ್ಲವೆ ಗೋವೆಗೋ ಬೆಂಗಳೂರಿಗೋ ಗುಳೆ ಹೋಗುವನು.

ಈ ಗಂಡಾಂತರವನ್ನು ಇಲಕಲ್ಲವು ಹಿಂದೆಯೇ ಕಂಡಿತೆಂಬುದು ನಮಗೆ ಅಭಿಮಾನದ ಸಂಗತಿ. ಅಲ್ಲಿಯ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆಯನ್ನು ಹೆಗಲಿಗೇರಿಸಿ ಮನೆಮನೆಗೆ ನಡೆದರು. ಕಾಳು-ಕಡ್ಡಿಗಳ ಬದಲು ದುಶ್ಚಟಗಳನ್ನು ಭಿಕ್ಷೆ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ದಿನವಾದ ಆಗಸ್ಟ 1ನ್ನು ಸರಕಾರವು ವ್ಯಸನಮುಕ್ತಿಯ ದಿನವೆಂದು ಗೊತ್ತುಪಡಿಸಿದೆ. ಚಟವನ್ನು ಜೋಳಿಗೆಗೆ ಹಾಕಿದ ತರುಣನ ಕೈ ಬರಿದಾಗುವದು. ಆ ಬರಿಗೈಗೆ ಪುಸ್ತಕವನ್ನೋ ಕಸುಬನ್ನೋ ಕೊಡುವದು ಊರಿನವರ ಕೆಲಸ.

ಅನ್ನ, ವಿದ್ಯೆ, ವೃತ್ತಿ ಮೂರೂ ಕೂಡಿದರೆ ಏನಾಗಬಲ್ಲುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಶಿವಯೋಗಮಂದಿರದ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು ತಾವು ಅಂಧರಾಗಿದ್ದು, ಅಂಧರೂ ಅನಾಥರೂ ಆದ ಮಕ್ಕಳನ್ನು ಕೂಡಿಸಿ ಸಂಗೀತವನ್ನು ಕಲಿಸಿದರು. ಅವರು 1944ರಲ್ಲಿ ತೀರಿದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಗದುಗಿನ ಪುಣ್ಯಾಶ್ರಮವನ್ನು ನಡೆಯಿಸಿದರು. ಅಲ್ಲಿ ಕಲಿತ ವಿದ್ಯೆಯೇ ಮುಂದೆ ಉಣ್ಣುವ ಅನ್ನವಾಯಿತು. ಸಾತಾರೆ ಜಿಲ್ಲೆಯಲ್ಲಿ ಭಾವೂರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿ, ಎಲ್ಲ ಜಾತಿಯ ಹುಡುಗರನ್ನು ಒಂದೇ ವಸತಿಗೃಹದಲ್ಲಿಟ್ಟು, ದುಡಿಯುತ್ತ ಕಲಿಯುವ ಪದ್ಧತಿಯನ್ನು ಹಾಕಿಕೊಟ್ಟರು. ದಾನವನ್ನುಂಡೆನೆಂಬ ಕೀಳರಿಮೆಯು ಆ ಮಕ್ಕಳನ್ನು ಮುಟ್ಟಲಿಲ್ಲ.

ಇಲಕಲ್ಲದ ಸೀರೆಯ ನೇಯ್ಗೆಯನ್ನು ತಾವೆಲ್ಲರೂ ಬಲ್ಲಿರಿ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆಯನ್ನು ಕೊಂಡಿ ಹಾಕಿ ಅವುಗಳನ್ನು ಕೂಡಿಸುವರು. ಮೈ ಹತ್ತಿಯದಿರಲಿ, ಸೆರಗು ರೇಷ್ಮೆಯದಿರಲಿ, ಕೊಂಡಿ ಗಟ್ಟಿಯಿದ್ದರೆ ಸೀರೆ ಒಂದೇ. ನಮ್ಮಲ್ಲಿ ಶಾಲೆಗಳಿವೆ, ಕಸುಬುಗಳೂ ಇವೆ. ಅವೆರಡರ ನಡುವಿನ ಕೊಂಡಿಯೇ ಸಡಿಲಾಗಿದೆ. ಅದನ್ನು ಹಾಕುವದೇ ಈಗಿನ ದಾನ.

ಅದಕ್ಕಾಗಿ ನಾವು ತಮ್ಮಲ್ಲಿ ಬೇಡುವದು ನಾಲ್ಕೇ ಸಂಗತಿ. ಒಂದು, ಪ್ರತಿಯೊಂದು ಓಣಿಯಲ್ಲಿ ಗುಡಿಯ ಪಡಸಾಲೆಯನ್ನೋ ಶಾಲೆಯ ಕೋಣೆಯನ್ನೋ ಸಂಜೆ ಮೂರು ತಾಸು ತೆರೆದಿಟ್ಟು, ದೀಪವನ್ನೂ ನೆಲಹಾಸನ್ನೂ ಒದಗಿಸಬೇಕು. ಹೆಣ್ಣುಮಕ್ಕಳು ನಿರ್ಭಯವಾಗಿ ಬಂದು ಹೋಗುವಂತಿರಬೇಕು. ಎರಡು, ಓದು ಬಲ್ಲ ಒಬ್ಬೊಬ್ಬರು ಐದೈದು ಮಕ್ಕಳ ಹೊಣೆಯನ್ನು ಹೊತ್ತು, ಶಾಲೆಗೆ ಹೋದರೋ ಇಲ್ಲವೋ ಎಂದು ವಿಚಾರಿಸುತ್ತಿರಬೇಕು. ಮೂರು, ನಪಾಸಾದವರ ಮನೆಗೆ ಫಲಿತಾಂಶದ ವಾರದಲ್ಲಿಯೇ ಹೋಗಿ, ಶುಲ್ಕವನ್ನು ತುಂಬಿ, ಮರಳಿ ಪರೀಕ್ಷೆಗೆ ಕೂಡಿಸಬೇಕು. ನಾಲ್ಕು, ಮುಂದೆ ಓದಲಾರದವರಿಗೆ ನೇಯ್ಗೆ, ಬಣ್ಣಗಾರಿಕೆ, ಯಂತ್ರ ದುರಸ್ತಿ ಮೊದಲಾದ ಕೆಲಸಗಳನ್ನು ವಯಸ್ಸಿಗೆ ತಕ್ಕಂತೆ ಕ್ರಮವಾಗಿ ಕಲಿಸಬೇಕು. ಬಾದಾಮಿಯಲ್ಲಾದರೆ ಚಾಲುಕ್ಯರ ಇತಿಹಾಸವನ್ನೂ ಎರಡು ಪರಭಾಷೆಗಳನ್ನೂ ಕಲಿಸಿ ಪ್ರವಾಸಿಗರಿಗೆ ಮಾರ್ಗದರ್ಶಕರನ್ನಾಗಿ ಮಾಡಬೇಕು.

ಇದರ ಜೊತೆಗೆ ಎರಡು ನಿಯಮಗಳಿರಲಿ. ಕೊಡುವಾಗ ಜಾತಿಯನ್ನು ಕೇಳಕೂಡದು. ನೋಟಬುಕ್ಕು ಇಸಿದುಕೊಳ್ಳುವ ಹುಡುಗನನ್ನು ನಿಲ್ಲಿಸಿ ಭಾವಚಿತ್ರ ತೆಗೆಸಕೂಡದು. ಅವನ ಬಡತನವು ನಮ್ಮ ಕೀರ್ತಿಗೆ ಮೆಟ್ಟಿಲಾಗಬಾರದು. ಪೈಸೆ-ಪೈಸೆಯ ಲೆಕ್ಕವನ್ನು ವರ್ಷಕ್ಕೊಮ್ಮೆ ಊರ ಮುಂದೆ ಓದಿದರೆ ಸಾಕು.

ಶಾಲೆಗಳು ಬಾಗಿಲು ತೆರೆಯುವ ದಿನದೊಳಗಾಗಿ ನಾಲ್ಕೂ ಊರುಗಳಲ್ಲಿ ಒಂದೊಂದು ಪಡಸಾಲೆಯಲ್ಲಾದರೂ ದೀಪ ಹೊತ್ತಲಿ. ಈ ಸಭೆಯಿಂದ ಏಳುವ ಮೊದಲು ಒಬ್ಬೊಬ್ಬರೂ ತಮ್ಮ ಓಣಿಯ ಐದು ಮಕ್ಕಳ ಹೆಸರನ್ನು ಬರೆದುಕೊಳ್ಳಬೇಕೆಂದು ವಿಜ್ಞಾಪಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.