ನೀರಿಗೆ ಮರಳುವ ಮೀನಿಗೆ ತಕ್ಕ ಗಾಳ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನಸುಕಿಗೆ ಹಣ್ಣಿನ ಪೆಟ್ಟಿಗೆಗಳನ್ನು ಇಳಿಸುವ ಹಮಾಲರಿಗೂ ಅವನ್ನು ಕೊಳ್ಳುವ ವ್ಯಾಪಾರಿಗಳಿಗೂ ಚೆನ್ನಾಗಿ ತಿಳಿದ ಸಂಗತಿಯೊಂದಿದೆ. ಪೆಟ್ಟು ತಿಂದ ಹಣ್ಣು ಆ ದಿನ ನೋಡಲು ಚೆನ್ನಾಗಿಯೇ ಇರುತ್ತದೆ. ಹಾನಿ ಹೊರಬೀಳುವುದು ಎರಡು ಮೂರು ದಿನಗಳ ತರುವಾಯ, ಬೇರೆಲ್ಲಿಯೋ. ಗಾಳದಿಂದ ಹಿಡಿದು ಮರಳಿ ನದಿಗೆ ಬಿಟ್ಟ ಮೀನಿನ ವಿಷಯವೂ ಇದೇ ಬಗೆಯದು. ಬಾಲ ಬೀಸಿ ಆಳಕ್ಕೆ ಇಳಿದ ಮೀನು ಬದುಕಿಕೊಂಡಿತೆಂದು ಹಿಡಿದವನು ಸಮಾಧಾನಪಡುತ್ತಾನೆ. ಅದರ ಕಿವಿರಿನ ಬುಡ ಹರಿದಿದ್ದರೆ, ಅದು ಸಾಯುವುದನ್ನು ಕಾಣಲು ಅಲ್ಲಿ ಯಾರೂ ಇರುವುದಿಲ್ಲ.

ಈ ವಿಷಯಕ್ಕೂ ಪುಣೆಗೂ ಹಳೆಯ ನಂಟುಂಟು. ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಅಧಿಕಾರಿ ದಖನ್ನಿನ ಮೀನುಗಳನ್ನು ಅಭ್ಯಸಿಸಿ, ಪುಣೆಯ ಮುಳಾ-ಮುಠಾ ನದಿಯಲ್ಲಿ ದೊರೆತ ದೊಡ್ಡ ಹುರುಪೆಯ ಮೀನೊಂದನ್ನು 1839ರಲ್ಲಿ ವೈಜ್ಞಾನಿಕವಾಗಿ ವರ್ಣಿಸಿದನು. ಅದೇ ಇಂದು ಟಾರ್ ಖುದ್ರಿ ಎಂದು ಹೆಸರಾದ ದಖನ್ ಮಹಶೀರ್. ಪುಣೆಗೆ ಸಮೀಪದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯು 1970ರ ದಶಕದಿಂದ ಈ ಮೀನಿನ ಮರಿಗಳನ್ನು ಬೆಳೆಸತೊಡಗಿತು. ಅಲ್ಲಿಯ ಮರಿಗಳನ್ನು ಕರ್ನಾಟಕದ ಕಾವೇರಿಗೂ ತಂದು ಬಿಡಲಾಯಿತು.

ಕಾವೇರಿಗೆ ತನ್ನದೇ ಆದ ಮಹಶೀರ್ ಇತ್ತು, ಈಗಲೂ ಅಲ್ಪಸ್ವಲ್ಪ ಉಳಿದಿದೆ. ಗೂನುಬೆನ್ನಿನ ಈ ಮೀನು ಜಗತ್ತಿನ ಗಾಳಗಾರರಲ್ಲಿ ಹೆಸರುವಾಸಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು, ಅಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರನ್ನು ಹಿಡಿದರು. ಇಷ್ಟು ಪ್ರಸಿದ್ಧವಾದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ದೊರೆತದ್ದು 2018ರಲ್ಲಿ ಎಂಬುದು ಸೋಜಿಗವೇ ಸರಿ. ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ವರ್ಣಿತವಾಗಿದ್ದ ಟಾರ್ ರೆಮಾದೇವಿಯೂ ಕಾವೇರಿಯ ಗೂನುಬೆನ್ನಿನ ಮೀನೂ ಒಂದೇ ಎಂದು ಆಗ ತಿಳಿದುಬಂದಿತು. ಅದೇ ವರ್ಷ ಅದನ್ನು ಅಳಿವಿನ ಅತ್ಯಂತ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಹೊರಗಿನಿಂದ ಬಂದ ಮಹಶೀರ್ ಹೇರಳವಾಗಿರುವ ನೀರಿನಲ್ಲಿಯೇ ಈ ಅಪರೂಪದ ಮೀನೂ ಈಜುತ್ತದೆ. ಎರೆಯನ್ನು ಕಚ್ಚುವುದು ಇವೆರಡರಲ್ಲಿ ಯಾವುದೆಂದು ಆರಿಸಿಕೊಳ್ಳುವ ಅಧಿಕಾರ ದಡದಲ್ಲಿ ಕುಳಿತವನಿಗಿಲ್ಲ. ಅವನು ಆರಿಸಬಹುದಾದದ್ದು ಗಾಳವನ್ನು ಮಾತ್ರ.

ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ. ಅದರ ಹಲ್ಲುಗಳು ಗಂಟಲಿನಲ್ಲಿವೆ. ಏಡಿ, ಶಂಖದ ಹುಳು, ಕಾಡುಹಣ್ಣಿನ ಬೀಜ, ಎಲ್ಲವನ್ನೂ ಅದು ಒಳಗೆ ಎಳೆದುಕೊಂಡು ಗಂಟಲಿನಲ್ಲಿ ಅರೆಯುತ್ತದೆ. ಕಾವೇರಿಯ ದಡದಲ್ಲಿ ಎರೆಯಾಗಿ ಬಳಸುವ ಬೇಯಿಸಿದ ರಾಗಿಯ ಉಂಡೆಯೂ ಅಲ್ಲಿಗೇ ಹೋಗುತ್ತದೆ. ಎರೆ ಗಂಟಲಿಗೆ ಇಳಿದ ಮೇಲೆ ಕೋಲನ್ನು ಥಟ್ಟನೆ ಎಳೆದರೆ, ಇಂಗ್ಲಿಷಿನ ‘ಜೆ’ ಅಕ್ಷರದಂತಿರುವ ಸಾಮಾನ್ಯ ಗಾಳವು ತಾನಿದ್ದಲ್ಲಿಯೇ ನಾಟಿಕೊಳ್ಳುತ್ತದೆ. ಅದರ ಪಕ್ಕದಲ್ಲಿಯೇ ಕಿವಿರುಗಳೂ ಹೃದಯವೂ ಇರುತ್ತವೆ.

ವೃತ್ತಾಕಾರದ ಗಾಳ, ಅಂದರೆ ಸರ್ಕಲ್ ಹುಕ್, ಈ ತೊಂದರೆಯನ್ನು ಬಹಳ ಮಟ್ಟಿಗೆ ತಪ್ಪಿಸುತ್ತದೆ. ಇದರ ಮೊನೆ ಮೇಲಕ್ಕೆ ನೋಡದೆ ಗಾಳದ ದಂಡದ ಕಡೆಗೆ ಬಾಗಿರುತ್ತದೆ. ಮೊನೆ ಒಳಮುಖವಾಗಿರುವುದರಿಂದ ಗಂಟಲಿನಲ್ಲಿ ನಾಟುವ ಸಂಭವ ಕಡಿಮೆ. ಮೀನು ತಿರುಗಿ ಹೊರಟಾಗ ದಾರ ಬಿಗಿಯಾಗಿ ಗಾಳವು ಜಾರುತ್ತ ಬಂದು, ಬಾಯಿಯ ಮೂಲೆಯಲ್ಲಿ ಹೊರಳಿ ದವಡೆಯ ಅಂಚನ್ನು ಹಿಡಿಯುತ್ತದೆ. ಆದರೆ ಇದಕ್ಕೆ ಎರಡು ಕಟ್ಟಳೆಗಳುಂಟು. ಮೊದಲನೆಯದಾಗಿ, ಕೋಲನ್ನು ಜಗ್ಗಬಾರದು. ದಾರ ನಿಧಾನವಾಗಿ ಬಿಗಿಯಾಗಲು ಬಿಡಬೇಕು. ಜಗ್ಗುವ ಅಭ್ಯಾಸ ಕೈಗೆ ಹತ್ತಿದವರಿಗೆ ಇದು ಬಲು ಕಷ್ಟ, ಮೊದಮೊದಲು ಹಲವು ಮೀನುಗಳು ತಪ್ಪಿಹೋಗುವುದೂ ಉಂಟು. ಎರಡನೆಯದಾಗಿ, ಮೊನೆಯು ದಂಡದ ನೇರದಲ್ಲಿಯೇ ಇರಬೇಕು. ಮೊನೆಯನ್ನು ಪಕ್ಕಕ್ಕೆ ತಿರುಚಿದ ಗಾಳಗಳೂ ಅಂಗಡಿಯಲ್ಲಿ ಇದೇ ಹೆಸರಿನಿಂದ ಮಾರಾಟವಾಗುತ್ತವೆ. ಅವುಗಳಿಂದ ಈ ಪ್ರಯೋಜನ ಅಷ್ಟಾಗಿ ದೊರೆಯದು.

ಮೂರು ಮುಳ್ಳಿನ ಗಾಳವನ್ನು ಬಿಡುವುದೇ ಲೇಸು. ಒಂದು ಮುಳ್ಳು ತುಟಿಯನ್ನು ಹಿಡಿದರೆ, ಮೀನು ಒದ್ದಾಡುವಾಗ ಮತ್ತೊಂದು ಕಣ್ಣನ್ನೋ ಕಿವಿರಿನ ಮುಚ್ಚಳವನ್ನೋ ಸೀಳುತ್ತದೆ, ಬಿಡಿಸಲು ಹಿಡಿಯುವ ಹೊತ್ತೂ ಹೆಚ್ಚು. ಲೋಹದ ಹುಸಿಮೀನುಗಳಿಗೆ ಕಾರ್ಖಾನೆಯಲ್ಲಿಯೇ ಇಂಥವನ್ನು ಜೋಡಿಸಿ ಮಾರುವುದುಂಟು. ಅವನ್ನು ಕಳಚಿ ಗಟ್ಟಿಯಾದ ಒಂಟಿ ಗಾಳವನ್ನು ಹಾಕಿಕೊಳ್ಳಬಹುದು. ಗಟ್ಟಿಯಾದದ್ದು ಎಂಬ ಮಾತು ಮುಖ್ಯ. ಸಾಧಾರಣ ಗಾಳವನ್ನು ಮಹಶೀರ್ ಜಜ್ಜಿ ಹಾಕಬಲ್ಲದೆಂಬುದು ಹಳೆಯ ಗಾಳಗಾರರೆಲ್ಲರ ಅನುಭವ.

ಇಷ್ಟೆಲ್ಲ ಎಚ್ಚರಿಕೆಯಿಂದಿದ್ದರೂ ಒಮ್ಮೊಮ್ಮೆ ಮೀನು ಗಾಳವನ್ನು ಪೂರ್ತಿ ನುಂಗಿಬಿಡುತ್ತದೆ. ಆಗ ಬೆರಳು ತೂರಿಸಿ ಕೀಳಲು ಹೋಗದೆ ಬಾಯಿಯ ಹತ್ತಿರ ದಾರವನ್ನು ಕತ್ತರಿಸಿ ಬಿಡುವುದು ಮೇಲು. ಈ ಕಾರಣದಿಂದಲೇ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನ ಗಾಳ ಬೇಡ. ಸಾಮಾನ್ಯ ಉಕ್ಕಿನದಾದರೆ ಕಾಲಕ್ರಮದಲ್ಲಿ ತುಕ್ಕು ತಿಂದು ಕಳಚಿ ಬೀಳುವ ಸಾಧ್ಯತೆಯಾದರೂ ಇರುತ್ತದೆ.

ಗಾಳವೊಂದೇ ಸಾಲದು ಎಂಬುದೂ ಗೊತ್ತಾಗಿದೆ. ಕಾವೇರಿಯ ದಖನ್ ಮಹಶೀರನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಹುಪಾಲು ಮೀನುಗಳಿಗೆ ಗಾಳ ಬಾಯಿಯಲ್ಲಿಯೇ ಸಿಕ್ಕಿಕೊಂಡಿದ್ದಿತು. ಹೀಗಿದ್ದೂ ಹೆಚ್ಚು ಹೊತ್ತು ಸೆಣಸಿದ ಮೀನುಗಳ ರಕ್ತದಲ್ಲಿ ಏರುಪೇರು ಹೆಚ್ಚಾಗಿ ಕಂಡುಬಂದಿತು. ಆದ್ದರಿಂದ ತೆಳುವಾದ ದಾರ ಕಟ್ಟಿ ಗಂಟೆಗಟ್ಟಲೆ ಆಡಿಸುವುದನ್ನು ಶೌರ್ಯವೆಂದು ಎಣಿಸಬೇಕಾಗಿಲ್ಲ. ಮೀನನ್ನು ನೀರಿನಲ್ಲಿಯೇ ಇರಿಸಿ ಗಾಳ ಬಿಡಿಸಬೇಕು.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. ಮರಳಿ ಬಿಡುವುದೇ ಅನುಮತಿಯಲ್ಲ. ಕಾವೇರಿ ವನ್ಯಜೀವಿಧಾಮದ ಭೀಮೇಶ್ವರಿ, ಗಾಲಿಬೋರೆ ಮೊದಲಾದ ಶಿಬಿರಗಳಲ್ಲಿ ಹಿಂದೆ ಹಿಡಿದು ಬಿಡುವ ಪದ್ಧತಿ ದಶಕಗಳ ಕಾಲ ನಡೆದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನ್ವಯ, 2010ರ ನಂತರದ ವರ್ಷಗಳಲ್ಲಿ ಅಲ್ಲಿ ಗಾಳ ಹಾಕುವುದನ್ನು ನಿಲ್ಲಿಸಲಾಯಿತು. ಬೇರೆಡೆಗಳಲ್ಲಿಯೂ ಆ ನೀರಿಗೆ ಸಂಬಂಧಪಟ್ಟ ಇಲಾಖೆಯ ಪರವಾನಗಿ ಪಡೆದೇ ಕೋಲು ಬಿಚ್ಚತಕ್ಕದ್ದು.

ಇನ್ನು ಹಿಮ್ಮುಳ್ಳಿನ ವಿಷಯ. ಮೊನೆಯ ಕೆಳಗೆ ಹಿಂದಕ್ಕೆ ಚಾಚಿದ ಈ ಚಿಕ್ಕ ಮುಳ್ಳೇ ಗಾಳ ಬಿಡಿಸುವಾಗ ಮಾಂಸವನ್ನು ಹರಿಯುತ್ತದೆ. ಹಿಮ್ಮುಳ್ಳಿಲ್ಲದ ಗಾಳ ಅಂಗಡಿಯಲ್ಲಿ ಸಿಗದಿದ್ದರೆ ಚಿಂತೆಯಿಲ್ಲ; ಇಕ್ಕಳದಿಂದ ಅದನ್ನು ಒತ್ತಿ ಮಟ್ಟಮಾಡಬಹುದು. ದಾರವನ್ನು ಸಡಿಲಬಿಡದೆ ಹಿಡಿದರೆ ಮೀನು ತಪ್ಪಿಸಿಕೊಳ್ಳುವುದು ಅಪರೂಪ. ಸರಿಯಾಗಿ ಒತ್ತಲಾಗಿದೆಯೇ ಎಂದು ತಿಳಿಯಲು, ಗಾಳವನ್ನು ಹಳೆಯ ಹತ್ತಿಬಟ್ಟೆಯೊಂದಕ್ಕೆ ಚುಚ್ಚಿ ಹಿಂದಕ್ಕೆ ಎಳೆದು ನೋಡಬೇಕು. ಒಂದು ನೂಲೂ ಸಿಕ್ಕಿಕೊಳ್ಳದೆ ಹೊರಬಂದರೆ ಅದನ್ನು ದಾರಕ್ಕೆ ಕಟ್ಟಬಹುದು. ನೂಲು ಸಿಕ್ಕಿಕೊಂಡರೆ ಮತ್ತೊಮ್ಮೆ ಇಕ್ಕಳವನ್ನು ಕೈಗೆತ್ತಿಕೊಳ್ಳಬೇಕು.