ಬಂಡೆಯ ಮೇಲೊಂದು ಚಳಿರಾತ್ರಿ

ಮಕ್ಕಳೇ, ಮುಂಬೈಯಲ್ಲಿ ಜನವರಿ ಬಂದರೂ ಸ್ವೆಟರ್ ಕಪಾಟು ಬಿಟ್ಟು ಹೊರಬರುವುದು ಅಪರೂಪ. 1962ರ ಜನವರಿ 22ರಂದು ಸಾಂತಾಕ್ರೂಜ್‌ನಲ್ಲಿ ಉಷ್ಣಾಂಶ 7.4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದನ್ನು ಇಂದಿಗೂ ದೊಡ್ಡ ಸುದ್ದಿಯಂತೆ ನೆನೆಯುತ್ತಾರೆ. ನಮ್ಮನ್ನು ಬೆಚ್ಚಗಿಡುವುದು ಸಮುದ್ರ. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗಲು, ಅಷ್ಟೇ ತೂಕದ ಕಲ್ಲಿಗೆ ಬೇಕಾದದ್ದರ ಸುಮಾರು ಐದು ಪಟ್ಟು ಶಾಖ ಬೇಕು. ಅಷ್ಟು ಶಾಖವನ್ನು ಕಳೆದುಕೊಳ್ಳಲೂ ನೀರಿಗೆ ಬಹಳ ಹೊತ್ತು ಹಿಡಿಯುತ್ತದೆ.

ಆದರೆ ಸ್ಕೌಟ್ ಮಕ್ಕಳ ದಳವೊಂದು ಬೆನ್ನಿಗೆ ಚೀಲ ಏರಿಸಿ, ದಾದರ್‌ನಲ್ಲಿ ಕಸಾರಾ ಲೋಕಲ್ ಹತ್ತಿತು ಎಂದುಕೊಳ್ಳಿ. ಕಸಾರಾದಲ್ಲಿ ಇಳಿದು, ಘಾಟಿ ಹತ್ತಿ, ಕಳಸೂಬಾಯಿ ಬೆಟ್ಟದ ಬುಡದ ಬಾರಿ ಎಂಬ ಹಳ್ಳಿಯ ಅಂಚಿನಲ್ಲಿ ಡೇರೆ ಹಾಕುತ್ತಾರೆ. 1646 ಮೀಟರ್ ಎತ್ತರದ ಕಳಸೂಬಾಯಿ ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ಸುತ್ತಲೂ ಕಪ್ಪು ಬಂಡೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಆರಿ ಗಟ್ಟಿಯಾದದ್ದು ಅದು. ಮಳೆಗಾಲದಲ್ಲಿ ಜಲಪಾತಗಳಿಂದ ತುಂಬುವ ಈ ಬೆಟ್ಟಗಳು ಜನವರಿಯಲ್ಲಿ ಒಣಗಿ, ಕಲ್ಲಿನ ಮರುಭೂಮಿಯಂತೆಯೇ ವರ್ತಿಸುತ್ತವೆ. ಹಗಲಲ್ಲಿ ಬಂಡೆ ಕಾಯುತ್ತದೆ. ರಾತ್ರಿ ಆ ಶಾಖವೆಲ್ಲ ಆಕಾಶದ ಕಡೆ ಹೊರಟುಹೋಗುತ್ತದೆ. ಮೋಡ ಮತ್ತು ನೀರಾವಿ ಇದ್ದಿದ್ದರೆ ಅದರಲ್ಲಿ ಒಂದಿಷ್ಟನ್ನು ತಡೆದು ನೆಲಕ್ಕೇ ಮರಳಿಸುತ್ತಿದ್ದವು. ಒಣಹವೆಯಲ್ಲಿ ಆ ತಡೆ ಕಡಿಮೆ. ಲಡಾಖ್‌ನ ರಾತ್ರಿಗಳು ಅಷ್ಟು ಕೊರೆಯುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ನಿಜವಾದ ಪ್ರಶ್ನೆ ಹುಟ್ಟುತ್ತದೆ. ಎರಡು ಕಂಬಳಿ ಇವೆ. ಎರಡನ್ನೂ ಹೊದೆಯಬೇಕೋ, ಒಂದನ್ನು ಹಾಸಬೇಕೋ?

ಒಂದನ್ನು ಹಾಸಿಬಿಡಿ! ಕಂಬಳಿ ತಾನೇ ಶಾಖ ಹುಟ್ಟಿಸುವುದಿಲ್ಲ. ಒಲೆ ಇರುವುದು ನಿಮ್ಮೊಳಗೇ. ದೊಡ್ಡವರೊಬ್ಬರು ಸುಮ್ಮನೆ ಕುಳಿತಾಗಲೂ ಅವರ ಮೈಯಿಂದ ಸುಮಾರು 100 ವಾಟ್ ಶಾಖ, ಹಳೆಯ ಕಾಲದ ದೊಡ್ಡ ಬಲ್ಬಿನಿಂದ ಬರುವಷ್ಟು, ಹೊರಬರುತ್ತಿರುತ್ತದೆ. ಕಂಬಳಿಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅದನ್ನು ತಡೆಹಿಡಿಯುತ್ತದೆ. ಅಲುಗದೆ ನಿಂತ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ. ಬಂಡೆ ಅದನ್ನು ಗಾಳಿಗಿಂತ ಐವತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಎಳೆದುಕೊಳ್ಳುತ್ತದೆ. ಸ್ಲೀಪಿಂಗ್ ಬ್ಯಾಗ್ ಇದ್ದರೂ ನಿಮ್ಮ ಭಾರಕ್ಕೆ ಬೆನ್ನಡಿಯ ಭಾಗ ಅದುಮಿಕೊಂಡು, ಅದರೊಳಗಿನ ಗಾಳಿ ಹೊರಟುಹೋಗುತ್ತದೆ. ಅದಕ್ಕೇ ಅನುಭವಸ್ಥರು ಫೋಮ್ ಮ್ಯಾಟ್ ಮರೆಯುವುದೇ ಇಲ್ಲ. ಅದರ ಗುಳ್ಳೆಗಳಲ್ಲಿರುವ ಗಾಳಿ ಸುಲಭವಾಗಿ ಹೊರಹೋಗದು. ನಮ್ಮ ಕುರುಬರ ಕರಿಕಂಬಳಿ, ಮಹಾರಾಷ್ಟ್ರದ ಧನಗರರ ಘೋಂಗಡಿ ಕಂಬಳಿ ನನಗೆ ಬಲು ಅಚ್ಚುಮೆಚ್ಚು. ಉಣ್ಣೆಯ ಎಳೆಗಳು ಸುರುಳಿ ಸುರುಳಿಯಾಗಿರುವುದರಿಂದ, ಸ್ವಲ್ಪ ತೇವವಾದರೂ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಹತ್ತಿ ಬಟ್ಟೆ ಹಾಗಲ್ಲ. ಬೆವರಿಗೆ ನೆಂದ ಬನಿಯನ್ನನ್ನು ಮಲಗುವ ಮುಂಚೆ ಬದಲಾಯಿಸಲೇಬೇಕು.

ಡೇರೆಗೆ ಜಾಗ ಹುಡುಕುವಾಗ ತಗ್ಗು ಬೇಡ. ತಣ್ಣನೆಯ ಗಾಳಿ ಭಾರ. ರಾತ್ರಿ ಅದು ಇಳಿಜಾರಿನಲ್ಲಿ ಜಾರಿ ಹಳ್ಳದಲ್ಲಿ ತುಂಬಿಕೊಳ್ಳುತ್ತದೆ. ಗಾಳಿ ಬೀಸುವ ನೆತ್ತಿಯೂ ಬೇಡ, ನಡುವಿನ ಸಮತಟ್ಟು ಒಳ್ಳೆಯದು.

ಬೆಳಿಗ್ಗೆ ಡೇರೆಯ ಒಳಮೈ ಒದ್ದೆಯಾಗಿದ್ದರೆ ಮಳೆ ಬಂತೆಂದು ಗಾಬರಿಯಾಗಬೇಡಿ. ರಾತ್ರಿಯಿಡೀ ನೀವೆಲ್ಲ ಬಿಟ್ಟ ಉಸಿರಿನ ನೀರಾವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿದೆ, ಅಷ್ಟೇ. ಮುಂದಿನ ಸಲ ಬಾಗಿಲ ಜಿಪ್ಪನ್ನು ಮೇಲ್ತುದಿಯಲ್ಲಿ ನಾಲ್ಕು ಬೆರಳಷ್ಟು ತೆರೆದಿಡಿ. ಆವಿಗೆ ಹೊರಹೋಗಲು ಒಂದಿಷ್ಟು ದಾರಿ ಸಿಗುತ್ತದೆ.